ಸೂತಕದ ಗಂಟು

ಬೆಲಾಯೊಂಗ್ ಮನೆ, ಹೊಳೆಯ ಮೇಲುಗಡೆ
೧೭ ಏಪ್ರಿಲ್ ೧೯೯೪

ಪ್ರೀತಿಯ ಮಗಳು ಸುಲಾವ್,

ನೀನು ಕೂಚಿಂಗ್‌ನಿಂದ ಬರೆದ ಎರಡೂ ಕಾಗದಗಳು ಒಂದೇ ದೋಣಿಯಲ್ಲಿ ಬಂದವು. ಮೊದಲನೆಯದರಲ್ಲಿ ಕ್ಷೇಮ ಕೇಳಿದ್ದೀಯ, ಎರಡನೆಯದರಲ್ಲಿ ಬೈದಿದ್ದೀಯ. ಬೈದದ್ದು ಸರಿಯೇ. ಇಷ್ಟು ದಿನ ಉತ್ತರ ಬರೆಯದೆ ಕೂತದ್ದಕ್ಕೆ ಕೊಯ್ಲಿನ ನೆಪ ಹೇಳಬಹುದು. ಭತ್ತ ಕೊಯ್ದದ್ದು ನಿಜ, ಅಂಗೈ ಬಿರಿದದ್ದೂ ನಿಜ. ಆದರೆ ಪೆನ್ನು ಹಿಡಿಯಲಾರದಷ್ಟೇನೂ ಬಿರಿದಿರಲಿಲ್ಲ. ಏನು ಬರೆಯಬೇಕೆಂದು ತಿಳಿಯಲಿಲ್ಲ, ಅಷ್ಟೆ. ಕ್ಷಮಿಸು.

ನಿನ್ನ ನರ್ಸಿಂಗ್ ಪರೀಕ್ಷೆ ಹೇಗಾಯಿತು? ವಾರ್ಡಿನಲ್ಲಿ ನಿಂತು ನಿಂತು ಕಾಲು ಊದುತ್ತದೆ ಎಂದಿದ್ದೆ. ಮಲಗುವಾಗ ದಿಂಬಿನ ಮೇಲೆ ಎತ್ತಿಟ್ಟುಕೋ. ಇಲ್ಲಿ ಅಜ್ಜಿಯ ಕೆಮ್ಮು ಕಡಿಮೆಯಾಗಿದೆ. ಮಗ್ಗದ ಮುಂದೆ ಕೂತಳೆಂದರೆ ಅನ್ನಕ್ಕೆ ಕರೆದರೂ ಏಳುವುದಿಲ್ಲ. ಕರಿ ಹಂದಿ ಮರಿ ಹಾಕಿದೆ. ಭತ್ತ ಹೋದ ವರ್ಷಕ್ಕಿಂತ ಮೇಲು. ನಿನ್ನಪ್ಪ ಬಿತ್ತಿದ ಭತ್ತ. ಅದನ್ನು ಕಣಜಕ್ಕೆ ಸುರಿಯುವಾಗ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು, ಅಳುತ್ತಾಳೋ ಇಲ್ಲವೋ ಎಂದು.

ಬೇರೆ ಯಾರ ಬಾಯಿಂದಲೋ ನಿನಗೆ ತಿಳಿಯುವ ಮೊದಲು ನಾನೇ ಹೇಳುತ್ತೇನೆ. ಹೋದ ವಾರ ನಿನ್ನಪ್ಪನ ಸೂತಕ ಹಿಡಿದೆವು. ಸತ್ತವರಿಗೆ ಕಟ್ಟುವ ಹಾಗೆ ಅವರ ಬಟ್ಟೆಯ ಗಂಟು ಕಟ್ಟಿದೆವು.

ಫೆಬ್ರವರಿಯಲ್ಲಿ ನೀನು ದೋಣಿ ಹತ್ತುವಾಗ ನನ್ನ ಎರಡೂ ಕೈ ಹಿಡಿದು, "ಅಮ್ಮಾ, ಯಾರು ಏನಂದ್ರೂ ಗಂಟು ಕಟ್ಟೋಕೆ ಬಿಡಬೇಡ. ಅಪ್ಪ ಸತ್ತಿದಾರೆ ಅಂತ ಯಾರಿಗೂ ಗೊತ್ತಿಲ್ಲ" ಎಂದಿದ್ದೆ. ನಾನು ಹೂಂ ಎಂದಿದ್ದೆ. ಈಗ ನಿನಗೆ ಸಿಟ್ಟು ಬಂದಿರಬೇಕು. ಕಾಗದ ಹರಿಯುವ ಮೊದಲು ಪೂರ್ತಿ ಓದು.

ನಮಗೆ ಗೊತ್ತಿದ್ದದ್ದು ಇಷ್ಟು. ಜನವರಿ ಕೊನೆಯಲ್ಲಿ, ತೆನೆ ಬಾಗುತ್ತಿದ್ದ ಸಮಯದಲ್ಲಿ, ನಿನ್ನಪ್ಪ ಬೆಳಗ್ಗೆ ಬಲೆ ಎತ್ತಿ ಬರುತ್ತೇನೆಂದು ದೋಣಿ ತೆಗೆದುಕೊಂಡು ಹೋದರು. ಬರಲಿಲ್ಲ. ದೋಣಿ ಇಳಿಜಾರಿನ ಬಂಡೆಗಳ ಕೆಳಗೆ, ಅತ್ತಿಮರದ ಬೇರಿಗೆ ಕಟ್ಟಿದ ಹಾಗೇ ಸಿಕ್ಕಿತು. ಹುಟ್ಟು ಒಳಗಿತ್ತು. ಬಲೆ ಒದ್ದೆಯಾಗಿರಲಿಲ್ಲ. ಇದೆಲ್ಲ ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಮಗೆ ತಿಳಿದಿರುವುದು ಇಷ್ಟೇ ಎಂಬುದು ಈ ಮನೆಯಲ್ಲಿ ಎಲ್ಲರಿಗೂ ಮರೆತುಹೋಗಿದೆ.

ಬೇರಿಗೆ ಕಟ್ಟಿದ ಒಂದು ಹಗ್ಗದಿಂದ ಜನ ಎಷ್ಟು ಕಥೆ ಎಳೆದರು ನೋಡು. ದೋಣಿ ಕಟ್ಟಿ ನೀರಿಗಿಳಿದಾಗ ಮೊಸಳೆ ಹಿಡಿಯಿತು ಎಂದರು ಕೆಲವರು. ದೋಣಿ ಕಟ್ಟಿ ದಡ ಹತ್ತಿ, ಮರದ ಕಂಪನಿಯ ರಸ್ತೆಗೆ ನಡೆದು, ಲಾರಿ ಹತ್ತಿ ಗಡಿಯಾಚೆ ಒಬ್ಬಳ ಮನೆಗೆ ಹೋದ ಎಂದರು ಉಳಿದವರು. ಹಗ್ಗ ಒಂದೇ, ಗಂಟು ಒಂದೇ. ಕಾಡಿನ ಹೆಣ್ಣುಭೂತ ಕರೆದೊಯ್ದಿತು ಎನ್ನುವವರೂ ಇದ್ದರು, ಆದರೆ ಭೂತ ದೋಣಿ ಕಟ್ಟಲು ಸಮಯ ಕೊಡುವುದಿಲ್ಲ ಎಂದು ಅವರನ್ನು ಉಳಿದವರೇ ನಕ್ಕು ಸುಮ್ಮನಾಗಿಸಿದರು.

ಇಷ್ಟು ಸಂಸಾರಗಳು ಒಂದೇ ಸೂರಿನಡಿ ಸಾಲು ಕೋಣೆಗಳಲ್ಲಿರುವ ನಮ್ಮ ಉದ್ದಮನೆಯಲ್ಲಿ ಬಾಗಿಲು ನಮ್ಮದು, ಜಗಲಿ ಎಲ್ಲರದು. ಹುಟ್ಟಿದಾಗಿನಿಂದ ಆ ಜಗಲಿಯ ಮೇಲೆ ಬೆಳೆದ ನನಗೆ ಅದು ಎಂದೂ ಇಷ್ಟು ಉದ್ದ ಅನಿಸಿರಲಿಲ್ಲ. ಒಳಗೆ ಅಕ್ಕಿ ತೊಳೆಯುತ್ತಿದ್ದರೆ ಹೊರಗೆ, ನನ್ನದೇ ಬಾಗಿಲ ಮುಂದೆ, ಬುಟ್ಟಿ ಹೆಣೆಯುತ್ತಾ ಕೂತವರ ಮಾತು ಕೇಳುತ್ತದೆ. ಬಾಗಿಲು ತೆರೆದರೆ ಎಲ್ಲರೂ ಉಪ್ಪುಮೀನಿನ ವಿಷಯ ಎತ್ತುತ್ತಾರೆ.

ಜಗಲಿಯ ಆ ತುದಿಯ ಜಬಂಗ್‌ನ ಕಥೆ ಕೇಳು. ಮೊದಲ ದಿನ ಅವನು ಹೇಳಿದ್ದು, "ರಸ್ತೆ ತಿರುವಲ್ಲಿ ಒಂದ್ ಲಾರಿ ಹೋಯ್ತು, ಹಿಂದ್ಗಡೆ ಯಾವನೋ ಕೂತಿದ್ದ, ಬೆನ್ ಮಾತ್ರ ಕಾಣ್ತು" ಎಂದು. ವಾರ ಕಳೆಯುವುದರಲ್ಲಿ ಆ ಬೆನ್ನಿನ ಪಕ್ಕದಲ್ಲಿ ಒಂದು ಹೆಂಗಸು ಕೂತಳು. ಆಮೇಲೆ ಅವಳ ಕೈಗೆ ಕೆಂಪು ಕೊಡೆ ಬಂತು.

"ಕೊಡೆ ಯಾಕೋ, ಮಳೆ ಬತ್ತಿತ್ತಾ?" ಎಂದು ಯಾರೋ ಕೇಳಿದರು.

"ಬಿಸ್ಲಿಗೆ ಕಣಣ್ಣ. ಪ್ಯಾಟೆ ಹೆಂಗಸ್ರು ಬಿಸ್ಲಿಗೂ ಹಿಡೀತಾರೆ."

"ಓಹೋ, ಪ್ಯಾಟೆಯೋಳು ಅಂತ ನಿಂಗ್ ಹೆಂಗ್ ಗೊತ್ತಾಯ್ತು?"

"ಕೊಡೆ ಹಿಡ್ದಿದ್ಳಲ್ಲ!"

ಎಲ್ಲರೂ ನಕ್ಕರು. ನಾನು ಒಳಗೆ ಅಕ್ಕಿಯಲ್ಲಿ ಕೈ ಇಟ್ಟುಕೊಂಡು ನಿಂತಿದ್ದೆ.

ರೇಡಿಯೊದಲ್ಲಿ ಅಜ್ಜಿಯ ಹೆಸರಲ್ಲಿ ನಾವು ಹೇಳಿಸಿದ್ದೆವಲ್ಲ, "ಗರಾಯ್, ಎಲ್ಲಿದ್ದರೂ ಮನೆಗೆ ಬಾ, ತಾಯಿ ಕಾಯುತ್ತಿದ್ದಾಳೆ" ಎಂದು, ಅದನ್ನು ಕೇಳಿದ ಕೆಳಗಿನ ಮನೆಗಳವರೆಲ್ಲ ದೋಣಿ ಕಟ್ಟಿಕೊಂಡು ನೋಡಲು ಬಂದರು. ಬಂದವರಿಗೆ ಅನ್ನ ಹಾಕಬೇಕು, ಅಕ್ಕಿ ಹೆಂಡ ಬಗ್ಗಿಸಬೇಕು. ತಿಂದು, ಕುಡಿದು, ತಮ್ಮ ಮನೆಯ ಊಹೆಯನ್ನು ನಮಗೆ ಕೊಟ್ಟು ಹೋಗುತ್ತಿದ್ದರು. ಪೇಟೆಯಿಂದ ಪತ್ರಿಕೆಯವನೊಬ್ಬ ಬಂದ. ಹೋದ ವರ್ಷದ ಹಬ್ಬದ ಗುಂಪು ಚಿತ್ರ ಒಯ್ದು, ಅದರಲ್ಲಿ ತಪ್ಪು ಮುಖಕ್ಕೆ ಸುತ್ತು ಹಾಕಿ ಅಚ್ಚು ಹಾಕಿಸಿದ. ಅದು ಜಬಂಗ್‌ನ ಮುಖ. ಅವನು ಪತ್ರಿಕೆ ಹಿಡಿದುಕೊಂಡು ಜಗಲಿಯ ಆ ತುದಿಯಿಂದ ಈ ತುದಿಗೆ, "ನಾನೇ ಕಳ್ದೋಗಿದೀನಂತೆ, ಯಾರಾರಾ ಹುಡುಕ್ರಪ್ಪಾ" ಎನ್ನುತ್ತಾ ಓಡಾಡಿದ. ಸುಲಾವ್, ನನಗೂ ನಗು ಬಂತು. ಬಂದ ಮೇಲೆ ನನ್ನ ಮೇಲೇ ಸಿಟ್ಟು ಬಂತು.

ಮಿಷನ್ನಿನ ಸಿಸ್ಟರುಗಳ ಶಾಲೆಯಲ್ಲಿ ನಮಗೆ ಒಂದು ವಿಷಯ ಕಲಿಸಿದ್ದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿದರೆ ಅರ್ಧ ಅಂಕವಾದರೂ ಸಿಗುತ್ತದೆ, ಊಹಿಸಿ ಬರೆದರೆ ಸೊನ್ನೆ. ಆ ಪಾಠ ನನಗೆ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಯಾರು ಕೇಳಿದರೂ "ಗೊತ್ತಿಲ್ಲ" ಎನ್ನುತ್ತಿದ್ದೆ. ಅದನ್ನೂ ಒಂದು ಕಥೆ ಮಾಡಿದರು. "ಓದಿದೋಳಲ್ವಾ, ಬಾಯ್ಬಿಡಾಕಿಲ್ಲ. ಗೊತ್ತಿದ್ದೇ ಮುಚ್ಚಿಟ್ಟವ್ಳೆ."

ನನ್ನ ಬಳಿ ಇದ್ದದ್ದು ಎರಡು ವಾದ. ಒಂದು, ನಮ್ಮ ಗಂಡಸರು ದೇಶ ಸುತ್ತಲು ಹೋಗುವುದು ಹೊಸದಲ್ಲ. ವರ್ಷಗಟ್ಟಲೆ ಹೋಗುತ್ತಾರೆ, ಜಾಡಿ, ಗಡಿಯಾರ ಹೊತ್ತು ಬರುತ್ತಾರೆ. ಆದರೆ ಕೊಯ್ಲು ಮುಗಿಸಿ, ಹಕ್ಕಿಯ ಶಕುನ ಕೇಳಿ, ಮನೆಯವರಿಗೆ ಹೇಳಿ ಹೋಗುತ್ತಾರೆ. ಬಾಗಿದ ತೆನೆಯನ್ನು ಗದ್ದೆಯಲ್ಲಿ ಬಿಟ್ಟು ಯಾವ ಗಂಡಸೂ ಹೋಗುವುದಿಲ್ಲ. ಎರಡು, ಅವರು ಏನನ್ನೂ ತೆಗೆದುಕೊಂಡು ಹೋಗಿರಲಿಲ್ಲ. ಪೊಲೀಸ್ ಸಾರ್ಜೆಂಟ್ ಕೇಳಿದಾಗಲೂ ಹಾಗೇ ಹೇಳಿದೆ, ಅವರು ಬರೆದುಕೊಂಡರು.

ಒಂದು ವಿಚಿತ್ರ ನಿನಗೆ ಮಾತ್ರ ಹೇಳುತ್ತೇನೆ. ಅವರು ಬದುಕಿದ್ದಾರೆ ಎನ್ನುವ ಪ್ರತಿ ಕಥೆಯಲ್ಲೂ ನನ್ನ ಮಾನ ಹೋಗುತ್ತಿತ್ತು. ನನ್ನ ಮಾನ ಉಳಿಯುವ ಪ್ರತಿ ಕಥೆಯಲ್ಲೂ ಅವರ ಪ್ರಾಣ ಹೋಗುತ್ತಿತ್ತು. ಒಂದು ಸಂಜೆ ಜಗಲಿಯಲ್ಲಿ ಎರಡು ಗುಂಪು ವಾದಿಸುತ್ತಿದ್ದಾಗ, ನಾನು ಮೊಸಳೆಯ ಗುಂಪಿನ ಕಡೆಗೆ ಸರಿದು ಕೂತಿದ್ದೇನೆಂದು ಗಮನಕ್ಕೆ ಬಂತು. ಎದ್ದು ಒಳಗೆ ಬಂದೆ. ಯಾವ ಹೆಂಡತಿ ಹೀಗೆ ಸರಿದು ಕೂರುತ್ತಾಳೆ?

ಕೊಯ್ಲು ಮುಗಿದ ಮೇಲೆ ಊಹೆಗಳಿಗೆ ಆತುರ ಬಂತು. ಜೂನ್ ಮೊದಲಿಗೆ ಸುಗ್ಗಿಯ ಗವಾಯ್ ಹಬ್ಬ. ನೆಂಟರನ್ನು ಕರೆದು ಹಂದಿ ಕೊಬ್ಬಿಸಿದವರಿಗೆಲ್ಲ ಗರಾಯ್ ಬದುಕಿರಬೇಕು, ಏಕೆಂದರೆ ಸತ್ತಿದ್ದರೆ ಸೂತಕ. ಜಾಗಟೆ ಬಡಿಯುವ ಹಾಗಿಲ್ಲ, ಕುಣಿಯುವ ಹಾಗಿಲ್ಲ. ಮನೆಯಲ್ಲಿ ಕಾಯಿಲೆಯ ಮಕ್ಕಳಿದ್ದವರಿಗೆಲ್ಲ ಅವರು ಸತ್ತಿರಬೇಕು, ಏಕೆಂದರೆ ಸತ್ತವನಿಗೆ ಸೂತಕ ಹಿಡಿಯದೆ ಉಂಡು ಕುಣಿದರೆ ಅವನು ಸುಮ್ಮನಿರುವುದಿಲ್ಲ. ಪಕ್ಕದ ಕೋಣೆಯ ಸಿಬತ್‌ನ ತಾಯಿ ಜ್ವರದ ಮೊಮ್ಮಗುವನ್ನು ಸೊಂಟಕ್ಕೆ ಹಾಕಿಕೊಂಡು ನನ್ನ ಒಲೆಯ ಮುಂದೆ ಬಂದು ಕೂತಳು.

"ಸುಲಾವ್‌ನವ್ವ, ನಂಗೇನೂ ನಿನ್ ಗಂಡ ಸಾಯ್ಲಿ ಅಂತ ಆಸೆ ಇಲ್ಲ ಕಣವ್ವ. ಆದ್ರೆ ಸತ್ತಿದ್ರೆ ಸತ್ತವ್ನೆ ಅನ್ನು. ಈ ಕೂಸ್ನ ನೋಡು. ಮೂರ್ ದಿನಕ್ಕೊಂದ್ ಸಲ ಮೈ ಕಾಯುತ್ತೆ."

"ಕ್ಲಿನಿಕ್ಕಿನ ಮಾತ್ರೆ ಕೊಟ್ಯಾ?"

"ಕೊಟ್ಟೆ. ಮಾತ್ರೆ ಜ್ವರಕ್ಕೆ. ಇದು ಜ್ವರ ಅಲ್ಲ, ನಿನ್ ಹಟ."

ಕೂಸಿನ ಹಣೆ ಮುಟ್ಟಿದೆ. ಸುಡುತ್ತಿತ್ತು. ಆ ಕ್ಷಣ ನನಗೂ ಅನುಮಾನವಾಯಿತು, ನನ್ನ "ಗೊತ್ತಿಲ್ಲ" ಎನ್ನುವುದು ಪ್ರಾಮಾಣಿಕತೆಯೋ ಬರಿಯ ಜಂಬವೋ ಎಂದು.

ಕೊನೆಗೆ ಉದ್ದಮನೆಯ ಯಜಮಾನ ಬೆಲಾಯೊಂಗ್ ಮಾವ ಇಡೀ ಮನೆಯನ್ನು ಜಗಲಿಯಲ್ಲಿ ಕೂಡಿಸಿದರು. ಚಾಪೆ ಹಾಸಿತ್ತು, ಎಲೆಅಡಿಕೆಯ ತಟ್ಟೆ ಸುತ್ತುತ್ತಿತ್ತು. ಮಾತು ಎರಡು ಸುತ್ತು ಬರುವಷ್ಟರಲ್ಲಿ ಮೊಸಳೆಯ ಕಡೆಯವರೂ ಕೆಂಪು ಕೊಡೆಯ ಕಡೆಯವರೂ ಎದ್ದು ನಿಂತಿದ್ದರು.

"ಬದ್ಕವ್ನೆ ಅನ್ನೋರು ಅವ್ನ ತಂದು ನಿಲ್ಸಿ!"

"ಸತ್ತವ್ನೆ ಅನ್ನೋರು ಒಂದ್ ಮೂಳೆನಾದ್ರೂ ತೋರ್ಸಿ!"

"ಮೊಸಳೆ ಮೂಳೆ ಬಿಡ್ತದಾ, ಪೆದ್ದ?"

ಮಾವ ಕೈ ಎತ್ತಿದರು. ನನ್ನ ಕಡೆ ತಿರುಗಿ ಮೆಲ್ಲಗೆ, "ತಾಯೀ, ನಿಂದು ನಿಜ. ಗೊತ್ತಿಲ್ಲ ಅನ್ನೋದು ನಿಜ. ಆದ್ರೆ ಗೊತ್ತಿಲ್ಲ ಅನ್ನೋದ್ರೊಳ್ಗೆ ಒಂದ್ ಮನೆ ಎಷ್ಟ್ ದಿನ ಕೂತಿರಕಾಯ್ತದೆ ಹೇಳು? ಈಗ್ಲೇ ಗಂಟು ಕಟ್ಟಿದ್ರೆ ಹಬ್ಬಕ್ ಮುಂಚೆ ಕತ್ತರ್ಸಿ ಸೂತ್ಕ ಕಳೀಬೋದು. ಸತ್ತೋನ್ಗೂ ಮರ್ಯಾದೆ, ಇದ್ದೋರ್ಗೂ ಹಬ್ಬ. ನಾಳೆ ಅವ್ನು ಎದ್ರಿಗ್ ಬಂದ್ ನಿಂತ್ರೆ ಹಂದಿ ಕಡ್ದು ಕಾಲ್ ತೊಳ್ಯಾನ" ಎಂದರು.

ಎರಡೂ ಕಡೆಯವರು ತಲೆಯಾಡಿಸಿದರು. ಅಷ್ಟು ಹೊತ್ತು ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದವರು ಒಂದೇ ಗಳಿಗೆಯಲ್ಲಿ ಒಂದಾದರು. ಅವರಿಗೆ ಬೇಕಾಗಿದ್ದದ್ದು ನಿಜವಲ್ಲ, ಒಂದು ದಿನಾಂಕ. ನನಗೆ ಬಂದ ಕೋಪವನ್ನು ಹೇಗೆ ಬರೆಯಲಿ? "ನಾಳೆ ಬೆಳಗ್ಗೆ ಹೇಳುತ್ತೇನೆ" ಎಂದಷ್ಟೇ ಹೇಳಿ ಎದ್ದೆ. ಆಗುವುದಿಲ್ಲ ಎಂದು ಹೇಳುವುದೇ ನನ್ನ ಮನಸ್ಸಿನಲ್ಲಿತ್ತು. ನಂಬು.

ಗಂಟಿಗೆ ಏನೇನು ಬೇಕೆಂದು ನಿನಗೆ ಗೊತ್ತು. ಸತ್ತವರ ಒಳ್ಳೆಯ ಬಟ್ಟೆ, ಅವರು ಮೈಗೆ ತೊಟ್ಟದ್ದು, ಹಬ್ಬಕ್ಕೆ ಉಟ್ಟದ್ದು. ಅವೆಲ್ಲ ನಿನ್ನಪ್ಪನ ಮರದ ಪೆಟ್ಟಿಗೆಯಲ್ಲಿದ್ದವು. ಗಂಡಸು ಹೊರಗಿರುವಾಗ ಅವನ ಪೆಟ್ಟಿಗೆಯ ಮುಚ್ಚಳ ಎತ್ತಬಾರದು, ಎತ್ತಿದರೆ ಅವನು ಬರುವ ದಾರಿ ಮುಚ್ಚುತ್ತದೆ ಎನ್ನುತ್ತಾರೆ. ನಾನು ಅಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಜನವರಿಯಿಂದ ಅದನ್ನು ಮುಟ್ಟಿರಲಿಲ್ಲ. ಅದರ ಮೇಲೆ ಕೂತ ಧೂಳನ್ನು ಸಹ ಒರೆಸಿರಲಿಲ್ಲ.

ಮರುದಿನ ಬೆಳಗ್ಗೆ, ಆಗುವುದಿಲ್ಲ ಎಂದು ಹೇಳುವ ಮೊದಲು ಒಮ್ಮೆ ಅವರ ಬಟ್ಟೆ ನೋಡಬೇಕೆನಿಸಿತು. ನೋಡಿ ಧೈರ್ಯ ತಂದುಕೊಳ್ಳೋಣವೆಂದು. ಒಳಗೆ ಹೋದೆ, ಪೆಟ್ಟಿಗೆ ತೆರೆದೆ. ಆಮೇಲೆ ಹೊರಗೆ ಬಂದು ಮಾವನಿಗೆ, "ಸೂತಕ ಹಿಡಿಯಿರಿ" ಎಂದೆ.

ಅಷ್ಟೇ ಆದದ್ದು. ಅದಕ್ಕಿಂತ ಚೆನ್ನಾಗಿ ಇಲ್ಲಿ ಹೇಳಲಾರೆ. ದಣಿದಿದ್ದೆ ಎಂದುಕೋ.

ಬಟ್ಟೆಯನ್ನು ನಾನೇ ಒಳಗೆ ಮಡಿಸಿ ಸುತ್ತಿ ತಂದೆ. ಜಗಲಿಯಲ್ಲಿ ಎಲ್ಲರ ಮುಂದೆ ಅಜ್ಜಿ ಅದಕ್ಕೆ ಹಗ್ಗ ಬಿಗಿದಳು. ಬಿಗಿಯುವ ಮೊದಲು ಗಂಟನ್ನು ಎರಡೂ ಅಂಗೈಯಲ್ಲಿ ಒಮ್ಮೆ ಒತ್ತಿದಳು. ನನ್ನ ಮುಖ ನೋಡಿದಳು. "ಇನ್ನೊಂದ್ ಸುತ್ತು ಇರ್ಲಿ" ಎಂದಳು. ಆವತ್ತು ಅವಳು ಆಡಿದ್ದು ಅದೊಂದೇ ಮಾತು. ಗಂಟು ಈಗ ನಮ್ಮ ಕೋಣೆಯ ತೊಲೆಗೆ ತೂಗುತ್ತಿದೆ. ನನ್ನ ಓಲೆ, ಬಳೆ ತೆಗೆದಿಟ್ಟಿದ್ದೇನೆ. ಜಾಗಟೆಗಳಿಗೆ ಬಟ್ಟೆ ಸುತ್ತಿದ್ದಾರೆ. ರೇಡಿಯೊ ಬಾಯಿ ಮುಚ್ಚಿದೆ.

ಜಗಲಿಯೂ ಬಾಯಿ ಮುಚ್ಚಿದೆ, ಸುಲಾವ್. ಸತ್ತವರ ಬಗ್ಗೆ ಕೆಟ್ಟದ್ದಾಡಬಾರದಲ್ಲ. ಕೆಂಪು ಕೊಡೆಯ ಹೆಂಗಸು ಒಂದೇ ದಿನದಲ್ಲಿ ಮಾಯವಾದಳು. ಈಗ ನಿನ್ನಪ್ಪನಷ್ಟು ಒಳ್ಳೆಯ ಗಂಡಸು ಈ ಹೊಳೆಯ ಉದ್ದಕ್ಕೂ ಇರಲಿಲ್ಲ. ಒಬ್ಬ ಅವರ ಬಲೆ ಎಸೆಯುವ ಕೈ ಹೊಗಳುತ್ತಾನೆ, ಇನ್ನೊಬ್ಬ ಅವರು ಯಾರ ಮೇಲೂ ದನಿ ಎತ್ತಲಿಲ್ಲ ಎನ್ನುತ್ತಾನೆ. ಎರಡೂವರೆ ತಿಂಗಳು ಅವರನ್ನು ಹರಿದು ಹಂಚಿಕೊಂಡ ಬಾಯಿಗಳೇ. ನನಗೆ ಆ ಬೈಗುಳಕ್ಕಿಂತ ಈ ಹೊಗಳಿಕೆಯೇ ಹೆಚ್ಚು ಕಿರಿಕಿರಿ. ಆದರೂ ಕೇಳುತ್ತಾ ಕೂರುತ್ತೇನೆ. ಸಿಬತ್‌ನ ತಾಯಿಯ ಮೊಮ್ಮಗುವಿನ ಜ್ವರ ಬಿಟ್ಟಿದೆ. ಮಾತ್ರೆಯಿಂದಲೇ ಬಿಟ್ಟದ್ದು, ಆದರೆ ಅವಳು ನನಗೆ ಕೋಳಿ ತಂದು ಕೊಟ್ಟಳು.

ಮೊನ್ನೆ ಹೊಳೆಯ ಮೆಟ್ಟಿಲ ಹತ್ತಿರ ಪಾತ್ರೆ ತೊಳೆಯುತ್ತಿದ್ದಾಗ ಜಬಂಗ್ ಬಂದು ದೂರದಲ್ಲೇ ನಿಂತ.

"ಅಕ್ಕಾ, ತಪ್ಪಾಯ್ತು. ಆ ಕೊಡೆ ನಾನೇ ಸೇರ್ಸಿದ್ದು. ಹೆಂಗ್ಸೂ ನಾನೇ ಸೇರ್ಸಿದ್ದು. ಎಲ್ರೂ ಕೇಳೋರು, ಆಮೇಲೆ, ಆಮೇಲೆ ಅಂತ. ಹೇಳ್ತಾ ಹೇಳ್ತಾ ಹಂಗಾಯ್ತು."

"ಬೆನ್ನು?"

"ಬೆನ್ ಮಾತ್ರ ನೋಡ್ದೆ ಕಣಕ್ಕ. ಬಿಳಿ ಅಂಗಿ. ಆದ್ರೆ ಅಣ್ಣನ್ದಲ್ಲ ಬಿಡು, ಬಲೆ ಎತ್ತಕೆ ಯಾವನ್ ಬಿಳಿ ಅಂಗಿ ಹಾಕ್ತಾನೆ?"

"ಹೌದು, ಯಾರು ಹಾಕ್ತಾರೆ?" ಎಂದೆ. "ಹೋಗು, ಬೇಜಾರು ಮಾಡ್ಕೋಬೇಡ."

ಅವನು ಹಗುರಾಗಿ ಹೋದ. ತಳ ಸವೆಯುವ ಹಾಗೆ ನಾನು ಪಾತ್ರೆ ಉಜ್ಜಿದೆ.

ಹಾಳೆ ಮುಗಿಯುತ್ತಾ ಬಂತು. ಈ ಕಾಗದವನ್ನು ಕೆಳಗಿನ ಶಾಲೆಯ ಮೇಷ್ಟ್ರ ಕೈಯಲ್ಲಿ ಕಳಿಸುತ್ತಿದ್ದೇನೆ, ಅವರು ಬೇರೆಯವರ ಕಾಗದ ಓದುವವರಲ್ಲ. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಹೆರಿಗೆ ವಾರ್ಡಿನಲ್ಲಿ ಹುಟ್ಟಿದ ಕೂಸುಗಳನ್ನೆಲ್ಲ ಮೊದಲು ಎತ್ತಿಕೊಳ್ಳುವ ನಿನ್ನ ಕೈ ಯಾವಾಗಲೂ ಬೆಚ್ಚಗಿರಲಿ. ನಮ್ಮ ಹೊಳೆ ನಿನ್ನನ್ನು ಕಾಯಲಿ, ಸಿಸ್ಟರುಗಳ ದೇವರೂ ಕಾಯಲಿ. ಇಬ್ಬರೂ ಇರಲಿ, ಒಬ್ಬರು ಮರೆತರೆ ಇನ್ನೊಬ್ಬರಿಗೆ ನೆನಪಿರುತ್ತದೆ. ಅಜ್ಜಿ ನಿನಗೆಂದು ನೇಯುತ್ತಿರುವುದು ಇನ್ನೊಂದು ಗೇಣು ಬಾಕಿ ಇದೆ.

ನಿನ್ನ
ಅಮ್ಮ

ತಾ. ಕ.: ಕಾಗದ ಮಡಿಸಿ ಇಟ್ಟಿದ್ದೆ. ಮತ್ತೆ ಬಿಚ್ಚಿದೆ. ಇದನ್ನು ಓದಿ ಈ ಹಾಳೆಯೊಂದನ್ನು ಸುಟ್ಟುಬಿಡು.

ಪೆಟ್ಟಿಗೆಯಲ್ಲಿ ಅವನ ಬಿಳಿ ಅಂಗಿ ಇರಲಿಲ್ಲ. ಪೇಟೆಗೆ ಹಾಕುವ ಬೂಟು ಇರಲಿಲ್ಲ. ಹಬ್ಬದ ಮೇಲಂಗಿಯೂ ಇರಲಿಲ್ಲ. ಅವನು ಏನೂ ಒಯ್ದಿಲ್ಲ ಎಂದು ಸಾರ್ಜೆಂಟಿಗೆ ಹೇಳಿದವಳು ನಾನು. ಮನೆಯ ಅಷ್ಟೂ ಜನ ಎರಡೂವರೆ ತಿಂಗಳು ಮೊಸಳೆ, ಭೂತ, ಕೊಡೆ ಎಂದು ಜಗಲಿ ಸವೆಸಿದರು. ಬಾಗಿಲ ಹಿಂದಿದ್ದ ಪೆಟ್ಟಿಗೆಯ ಮುಚ್ಚಳ ಎತ್ತಿ ನೋಡು ಎಂದು ಒಬ್ಬರೂ ಹೇಳಲಿಲ್ಲ, ನನಗೂ ತೋಚಲಿಲ್ಲ. ಎಷ್ಟು ಓದಿದರೇನು, ಕೊನೆಗೆ ನಾನೂ ಈ ಜಗಲಿಯವಳೇ.

ಅವನು ಹೋಗಿದ್ದಾನೆ, ಸುಲಾವ್. ಬಾಗಿದ ತೆನೆ ಬಿಟ್ಟು, ದೋಣಿಯನ್ನು ಬೇರಿಗೆ ಕಟ್ಟಿ, ನಮಗೆ ಹೇಳದೆ. ಗೊತ್ತಿಲ್ಲದಿದ್ದಾಗ ಸತ್ತಿದ್ದಾನೆ ಎನ್ನಲು ಒಪ್ಪದವಳು, ಬದುಕಿದ್ದಾನೆಂದು ಗೊತ್ತಾದ ಗಳಿಗೆಯಲ್ಲೇ ಸೂತಕ ಹಿಡಿಸಿದೆ. ಅವನ ಹೆಸರು ಉಳಿಸಲು ಹಾಗೆ ಮಾಡಿದೆನೋ ನನ್ನ ಹೆಸರು ಉಳಿಸಲೋ, ದಿನವೂ ಕೇಳಿಕೊಳ್ಳುತ್ತೇನೆ. ದಿನಕ್ಕೊಂದು ಉತ್ತರ ಬರುತ್ತದೆ. ತೊಲೆಗೆ ತೂಗುತ್ತಿರುವ ಗಂಟಿನಲ್ಲಿ ಇರುವುದು ಅವನ ಹರಿದ ಗದ್ದೆ ಅಂಗಿ ಮತ್ತು, ತೂಕ ಇರಲಿ ಎಂದು, ನನ್ನ ಎರಡು ಲುಂಗಿ. ಅಜ್ಜಿ ಒತ್ತಿ ನೋಡಿದಳಲ್ಲ, ಅವಳ ಕೈಗೆ ನೂಲು ಮೋಸ ಮಾಡುವುದಿಲ್ಲ. ಅವಳಿಗೆ ಗೊತ್ತು ಎಂದೇ ನನ್ನ ಎಣಿಕೆ. ಕೇಳಲು ನನಗೆ ಧೈರ್ಯವಿಲ್ಲ, ಹೇಳಲು ಅವಳಿಗೆ ಮನಸ್ಸಿಲ್ಲ.

ಹಬ್ಬದ ಮೊದಲು ಎಲ್ಲರೆದುರು ಗಂಟು ಕತ್ತರಿಸಿ ಬಿಚ್ಚುತ್ತಾರೆ. ರಜೆ ಹಾಕಿ ಬಾ. ಮಗಳೇ ಕತ್ತರಿಸಲಿ ಎಂದು ಮಾವನನ್ನು ಕೇಳುತ್ತೇನೆ. ಹಗ್ಗ ಕತ್ತರಿಸಿ, ಬಿಚ್ಚದೆ, ಎದೆಗೆ ಅವುಚಿಕೊಂಡು ಒಳಗೆ ಓಡಿಬಿಡು. ಮಗಳ ದುಃಖ ಎಂದುಕೊಳ್ಳುತ್ತಾರೆ. ಬೇಡವೆನಿಸಿದರೆ ಅಲ್ಲೇ ಬಿಚ್ಚಿ ತೋರಿಸು, ನಾನು ತಡೆಯುವುದಿಲ್ಲ. ಮೊದಲನೆಯದು ನಿನ್ನ ತಾಯಿಯ ಬೇಡಿಕೆ. ಎರಡನೆಯದು ನಿನ್ನ ಹಕ್ಕು.

ಇನ್ನೂ ಒಂದಿದೆ. ಮದುವೆಯಾದ ಹೊಸದರಲ್ಲಿ ನಾನೊಂದು ಹೊದಿಕೆ ನೇಯ್ದಿದ್ದೆನಲ್ಲ, ಶಾಲೆಯಲ್ಲಿದ್ದು ಮಗ್ಗ ಕಲಿಯದ ಕೈಯಲ್ಲಿ? ಮೊಸಳೆ ಬರಬೇಕಾದ ಕಡೆ ಹಲ್ಲಿ ಬಂದು, ಅಂಚು ಸೊಟ್ಟಗಾಗಿ, ಜಗಲಿಯ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕದ್ದು? ದೂರ ಹೊರಟ ಗಂಡಸು ಮನೆಯ ಹೆಂಗಸು ನೇಯ್ದದ್ದೊಂದನ್ನು ಕಾವಲಿಗೆಂದು ಒಯ್ಯುತ್ತಾನೆ. ಅದೇ ಪೆಟ್ಟಿಗೆಯಲ್ಲಿ ಅಜ್ಜಿ ನೇಯ್ದ ಮೂರು ಹೊದಿಕೆಗಳಿದ್ದವು, ಹೊಳೆಯ ಮೇಲಿನವರೆಲ್ಲ ನೋಡಲು ಬರುವಂಥವು. ಮೂರೂ ಮಡಿಸಿಟ್ಟ ಹಾಗೇ ಇವೆ. ನನ್ನದು ಇಲ್ಲ.

ಮೊಸಳೆ ಅವನನ್ನು ಒಯ್ಯಲಿಲ್ಲ. ಅವನೇ ನನ್ನ ಸೊಟ್ಟ ಮೊಸಳೆಯನ್ನು ಒಯ್ದ. ಅವನ ತಾಯಿಯದನ್ನು ಒಯ್ದಿದ್ದರೆ ಹೊಟ್ಟೆ ತುಂಬ ಸಿಟ್ಟಾಗಿ, ಈ ಸೂತಕವನ್ನು ನಿಜ ಮಾಡಿಕೊಂಡು, ಮುಗಿಸಿಬಿಡುತ್ತಿದ್ದೆ. ಆ ಸಿಟ್ಟನ್ನೂ ನನಗೆ ಉಳಿಸಿ ಹೋಗಲಿಲ್ಲ.